ಮೊದಲು ಕಾಲೇಜು

ಸ್ಟ್ರೀಟ್ಸ್‌ವಿಲ್, ಮಿಸ್ಸಿಸಾಗಾ, ಕೆನಡಾ
12 ಸೆಪ್ಟೆಂಬರ್ 2024

ಪ್ರೀತಿಯ ಅತ್ತೀ,

ಟೈಪು ಮಾಡಿದ್ದನ್ನು ನಾನು ಓದುವುದಿಲ್ಲ, ಕೈಯಲ್ಲಿ ಬರೆದು ಫೋಟೋ ಹೊಡೆದು ಕಳಿಸು, ಇಲ್ಲದಿದ್ದರೆ ನಿನ್ನ ಕನ್ನಡಕ್ಕೆ ತುಕ್ಕು ಹಿಡಿಯುತ್ತದೆ ಎಂದು ಹುಬ್ಬಳ್ಳಿ ಏರ್‌ಪೋರ್ಟಿನಲ್ಲಿ ನೀವು ತಾಕೀತು ಮಾಡಿ ವರ್ಷದ ಮೇಲಾಯಿತು. ಅಷ್ಟರಲ್ಲಿ ನಾನು ಬರೆದದ್ದು ಎರಡೇ ಪತ್ರ. ಬಯ್ಯಬೇಡಿ. ಇವತ್ತು ಬರೆಯದೆ ಹೋದರೆ ನನ್ನ ಹೊಟ್ಟೆ ಒಡೆದು ಹೋಗುತ್ತದೆ.

ಶನಿವಾರ ಗಣೇಶನ ಹಬ್ಬಕ್ಕೆ ರಿಚ್ಮಂಡ್ ಹಿಲ್ ಗುಡಿಗೆ ಹೋಗಿದ್ದೆವು. ಪ್ರಸಾದದ ಪಾಳಿಯಲ್ಲಿ ಬೆಳಗಾವಿ ಕಡೆಯವರ ಮಗ ಒಬ್ಬ ನನ್ನ ಹಿಂದೆ ನಿಂತಿದ್ದ. ಹರ್ಷವರ್ಧನ್ ಅಂತ. ನನ್ನ ಹಾಗೆ ಅವನದೂ ಹನ್ನೆರಡನೇ ಇಯತ್ತೆ. ನೀನು ಎಷ್ಟು ಎಪಿ ತೆಗೆದುಕೊಂಡಿದ್ದೀಯ ಎಂದು ಇಂಗ್ಲಿಷಿನಲ್ಲಿ ಕೇಳಿದ. ಎಪಿ ಅಂದರೇನು ಎಂದೆ. ಅವನು ನಕ್ಕ. ಅವನ ತಾಯಿ ನಗಲಿಲ್ಲ, ಅದು ಇನ್ನೂ ಕೆಟ್ಟದಾಯಿತು. "ಅಯ್ಯ, ನಿಮ್ಮ ಸ್ಕೂಲಿನ್ಯಾಗ ಎಪಿನಽ ಇಲ್ಲೇನವಾ? ಪಾಪ, ಮತ್ತ ಚೊಲೋ ಯೂನಿವರ್ಸಿಟಿಯವರು ನಿನ್ನ ಅಪ್ಲಿಕೇಶನ್ ಹೆಂಗ ನೋಡ್ತಾರ?" ಎಂದು ನನ್ನ ತಲೆ ಸವರಿದರು. ನನಗೇನು ಕಾಯಿಲೆಯೇ, ತಲೆ ಸವರಲು?

ಮನೆಗೆ ಬಂದು ನೋಡಿದೆ. ಎಪಿ ಎಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟು. ಶಾಲೆಯಲ್ಲಿದ್ದಾಗಲೇ ಯೂನಿವರ್ಸಿಟಿ ಮಟ್ಟದ ಪಾಠ ಓದಿ ಪರೀಕ್ಷೆ ಬರೆಯುವುದು. ಕೆಲವು ಶಾಲೆಗಳಲ್ಲಿದೆ, ಕೆಲವಲ್ಲಿ ಇಲ್ಲ. ನಮ್ಮದರಲ್ಲಿ ಒಂದೂ ಇಲ್ಲ! ನಾನು ಗಣಿತಕ್ಕೆ ವಾಟರ್‌ಲೂ ಯೂನಿವರ್ಸಿಟಿಗೆ ಹೋಗಬೇಕು ಅಂತ ಕನಸು ಕಟ್ಟಿಕೊಂಡು ಕೂತಿದ್ದೇನೆ. ಅಲ್ಲಿಗೆ ಹಾಕುವವರೆಲ್ಲ ಹರ್ಷವರ್ಧನನಂಥವರು.

ನಿಮ್ಮ ತಮ್ಮ, ಅಂದರೆ ನನ್ನ ಘನ ಅಪ್ಪ, ಸಪ್ತಾಪುರದಲ್ಲಿ ಇಪ್ಪತ್ತು ವರ್ಷ ಝೆರಾಕ್ಸ್ ಅಂಗಡಿ ನಡೆಸಿ ಊರಿನ ಮಕ್ಕಳ ಅರ್ಜಿಯನ್ನೆಲ್ಲ ತುಂಬಿಕೊಟ್ಟವನು. ಅವನಿಗೆ "ಅರ್ಜಿ ಅಮರೇಶ" ಎಂದು ಹೆಸರಿಟ್ಟವರೇ ನೀವು. ಮಗಳ ಶಾಲೆಯಲ್ಲಿ ಎಪಿ ಇದೆಯೋ ಇಲ್ಲವೋ ನೋಡಲು ಅವನಿಗೆ ಆಗಲಿಲ್ಲವೇ? ಕೇಳಿದರೆ, "ನೀ ಕ್ಲಾಸಿಗೇ ಫಸ್ಟ್ ಅದಿಯಲ್ಲವಾ, ಇನ್ನೇನ್ ಬೇಕು" ಅಂತಾನೆ. ಅವ್ವ ನರ್ಸಿಂಗ್ ಡ್ಯೂಟಿ ಮುಗಿಸಿ ಬಂದು ಕಾಲು ಚಾಚಿದರೆ ಎಪಿಯೂ ಬೇಡ, ಏನೂ ಬೇಡ.

ಶಾಲೆಯ ಗೈಡೆನ್ಸ್ ಮೇಡಂ ಹತ್ತಿರ ಹೋಗಿ ಕೇಳುತ್ತೇನೆ. ಯಾವ ಯಾವ ವಿಷಯ ಓದಬೇಕು, ಎಲ್ಲಿಗೆ ಅರ್ಜಿ ಹಾಕಬೇಕು ಎಂದು ಹೇಳುವವರು ಅವರೇ. ಬಿಡುವುದಿಲ್ಲ.

ನಿಮ್ಮ
ಶಿವಾನಿ


ಮಾಳಮಡ್ಡಿ, ಧಾರವಾಡ
20 ಸೆಪ್ಟೆಂಬರ್ 2024

ಏ ಹುಡುಗೀ,

ಎಪಿ ಅಂದರೆ ನನಗೆ ಗೊತ್ತಿರುವುದು ಆಂಧ್ರಪ್ರದೇಶ. ಟ್ಯೂಶನ್ನಿನ ಮಕ್ಕಳನ್ನು ಕೇಳಿದೆ, ಅವರೂ ಅದನ್ನೇ ಹೇಳಿದರು. ನಿನ್ನ ಪತ್ರ ಓದುವಾಗ ಮೊದಲ ಎರಡು ಸಾಲು, ಇವಳು ಯಾಕೆ ಆಂಧ್ರಕ್ಕೆ ಹೋಗುತ್ತೇನೆ ಅಂತಾಳೆ ಎಂದು ಗಾಬರಿಯಾದೆ.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಿನಗೆ ಕುಣಿಯಲು ಬರುತ್ತದೆ, ಹಾಗಾಗಿ ನೆಲದ ಮಾತು ಬಿಡು. ನಾನು ಮೂವತ್ತಾರು ವರ್ಷ ಗಣಿತ ಕಲಿಸಿದ ಶಾಲೆಯಲ್ಲಿ ಬೋರ್ಡು ಕೂಡ ಒಡೆದಿತ್ತು. ಆ ಒಡಕಿನ ಎಡಕ್ಕೆ ಬೀಜಗಣಿತ, ಬಲಕ್ಕೆ ರೇಖಾಗಣಿತ. ಅಲ್ಲಿಂದಲೇ ನೀನೂ ಎದ್ದು ಬಂದದ್ದು.

ನಿನ್ನ ಹನ್ನೊಂದನೇದರ ಮಾರ್ಕ್ಸ್ ಕಾರ್ಡು ನಾನು ಓಣಿಯ ತುಂಬ ತೋರಿಸಿದ್ದೇನೆ, ತಿಳಿಯಿತೇ? ಗಣಿತದಲ್ಲಿ ತೊಂಬತ್ತೇಳು. ವಿಷಯದ ಹೆಸರೇ "ಫೌಂಡೇಶನ್ಸ್ ಫಾರ್ ಕಾಲೇಜ್ ಮ್ಯಾಥಮ್ಯಾಟಿಕ್ಸ್". ನಮ್ಮ ಹುಡುಗಿ ಹತ್ತನೇದು ಮುಗಿಸಿದ್ದೇ ಕಾಲೇಜು ಗಣಿತಕ್ಕೆ ಹಾರಿದಳು ಅಂತ ಎದುರುಮನೆ ಸುಮಿತ್ರಮ್ಮನಿಗೆ ಹೇಳಿದರೆ ಆಕೆಗೆ ಎರಡು ದಿನ ಊಟ ಸೇರಲಿಲ್ಲ. ಒಂದು ಮಾತು ಮಾತ್ರ. ನೀನು ಕಳಿಸಿದ್ದ ಪ್ರಶ್ನೆಪತ್ರಿಕೆ ನೋಡಿದೆ. ಮನೆ ಬಾಡಿಗೆ, ಕಾರಿನ ಕಂತು, ಬಡ್ಡಿ. ಇದನ್ನು ನಾನು ಎಂಟನೇ ಇಯತ್ತೆಗೆ ಕಲಿಸುತ್ತಿದ್ದೆ. ಕೆನಡಾದವರು ಗಣಿತದಲ್ಲಿ ಇಷ್ಟು ಹಿಂದೆ ಎಂದು ನನಗೆ ಗೊತ್ತಿರಲಿಲ್ಲ. ಇರಲಿ, ನಿನಗೆ ಒಳ್ಳೆಯದೇ ಆಯಿತು.

ಮೇಡಂ ಹತ್ತಿರ ಹೋಗು. ಆದರೆ ಅಳುಮುಂಜಿಯ ಹಾಗೆ ಹೋಗಬೇಡ. ಎಪಿ ಇಲ್ಲದಿದ್ದರೆ ಬದಲಿಗೆ ಏನು ಓದಲಿ ಎಂದು ಕೇಳು. ಈ ವರ್ಷವೇ ಅರ್ಜಿ ಹಾಕಬೇಕು, ಮುಂದಿನ ವರ್ಷ ಅನ್ನುವ ಮಾತು ನನ್ನ ಕಿವಿಗೆ ಬೀಳಬಾರದು.

ನಿನ್ನ ಅಪ್ಪನನ್ನು ಬಯ್ಯುವ ಹಕ್ಕು ನನ್ನದು. ನಮ್ಮವ್ವ ತೀರಿಹೋದಾಗ ಅವನು ಆರು ವರ್ಷದವನು. ಅವತ್ತಿನಿಂದ ತಲೆ ಬಾಚಿ ಬೆಳೆಸಿದವಳು ನಾನು. ನೀನು ಸ್ವಲ್ಪ ಬಾಯಿ ಹಿಡಿ.

ನಿನ್ನ ಅತ್ತಿ
ಗಿರಿಜಾ


ಸ್ಟ್ರೀಟ್ಸ್‌ವಿಲ್
3 ಅಕ್ಟೋಬರ್ 2024

ಅತ್ತೀ,

ಹೇಗೆ ಬರೆಯಲಿ ತಿಳಿಯುತ್ತಿಲ್ಲ. ಇವತ್ತು ಶಾಲೆಯಲ್ಲಿ ಆದದ್ದನ್ನು ಆದ ಹಾಗೆಯೇ ಬರೆಯುತ್ತೇನೆ.

ಗೈಡೆನ್ಸ್ ಮೇಡಂ ರೂಮಿಗೆ ಹೋದೆ. ನಮ್ಮ ಶಾಲೆಯಲ್ಲಿ ಎಪಿ ಇಲ್ಲ, ವಾಟರ್‌ಲೂಗೆ ಅರ್ಜಿ ಹಾಕಬೇಕು, ಅದರ ಬದಲಿಗೆ ನಾನೇನು ಮಾಡಲಿ ಎಂದು ನೀವು ಹೇಳಿಕೊಟ್ಟ ಹಾಗೆಯೇ ಕೇಳಿದೆ. ಅವರು ಕಂಪ್ಯೂಟರಿನಲ್ಲಿ ನನ್ನ ಹೆಸರು ಹಾಕಿ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. ಮತ್ತೆ ಕಂಪ್ಯೂಟರ್ ನೋಡಿದರು. "ಎಪಿ ವಿಷಯ ಆಮೇಲೆ ಮಾತಾಡೋಣ" ಎಂದರು. ಸ್ಕ್ರೀನನ್ನು ನನ್ನ ಕಡೆ ತಿರುಗಿಸಿ, "ನಿನ್ನ ವಿಷಯಗಳ ಕೋಡಿನ ಕೊನೆಯ ಅಕ್ಷರ ಓದು" ಎಂದರು.

ಗಣಿತ, ಸಿ. ಇಂಗ್ಲಿಷ್, ಸಿ. ಬಯಾಲಜಿ, ಸಿ. ನಾನು ಇಷ್ಟು ದಿನ ಅದನ್ನು ಸಿ ಸೆಕ್ಷನ್ ಅಂದುಕೊಂಡಿದ್ದೆ ಅತ್ತೀ! ನಮ್ಮ ಧಾರವಾಡದ ಶಾಲೆಯಲ್ಲಿ ಎ, ಬಿ, ಸಿ ಅಂತ ಇರುತ್ತಿತ್ತಲ್ಲ, ಹಾಗೆ. ಅದು ಸೆಕ್ಷನ್ ಅಲ್ಲ. ಸಿ ಎಂದರೆ ಕಾಲೇಜಿಗೆ ಹೋಗುವವರ ಪಾಠ. ಯು ಎಂದರೆ ಯೂನಿವರ್ಸಿಟಿಗೆ ಹೋಗುವವರ ಪಾಠ. ಈ ದೇಶದಲ್ಲಿ ಕಾಲೇಜು ಮುಗಿಸಿ ಯೂನಿವರ್ಸಿಟಿಗೆ ಹೋಗುವುದಲ್ಲ. ಎರಡೂ ಬೇರೆ ಬೇರೆ ದಾರಿ. ಕಾಲೇಜು ಅಂದರೆ ನಮ್ಮಲ್ಲಿಯ ಡಿಪ್ಲೊಮಾ ಇದ್ದ ಹಾಗೆ, ಕಸಬು ಕಲಿತು ಕೆಲಸಕ್ಕೆ ಸೇರುವುದಕ್ಕೆ. ಅದಕ್ಕೇ ಬಾಡಿಗೆ, ಬಡ್ಡಿ, ಕಂತು. ಅದನ್ನು ಓದುವವರು ಓದಲಿ, ಅದರಲ್ಲಿ ಕಡಿಮೆಯೇನಿಲ್ಲ. ಆದರೆ ನನಗೆ ಬೇಕಾದದ್ದು ಅದಲ್ಲವಲ್ಲ! ನನ್ನ ತೊಂಬತ್ತೇಳನ್ನು ಇಲ್ಲಿಯ ಯಾವ ಯೂನಿವರ್ಸಿಟಿಯೂ ಮೂಸಿ ನೋಡುವುದಿಲ್ಲ. ಎಪಿ ಇಲ್ಲ ಎಂದು ಅಳುತ್ತ ಹೋದವಳಿಗೆ ಕಾಲಡಿಯ ನೆಲವೇ ಇರಲಿಲ್ಲ.

"ಇದನ್ನು ಯಾರು ಆರಿಸಿದರು?" ಎಂದು ಕೇಳಿದೆ. 

ಮೇಡಂ ಫೈಲಿನಿಂದ ಹೋದ ವರ್ಷದ ಫಾರ್ಮು ತೆಗೆದರು. ಸಿ ಕಾಲಮ್ಮಿನಲ್ಲಿ ಸಾಲಾಗಿ ಟಿಕ್ಕು. ಕೆಳಗೆ ಅಪ್ಪನ ಸಹಿ. "ನಿಮ್ಮ ತಂದೆಗೆ ಎರಡು ಸಲ ಕೇಳಿದೆವು. ಇನ್ನೊಂದು ದಿನ ತೆಗೆದುಕೊಂಡು ವಿಚಾರ ಮಾಡಿ ಎಂದೂ ಹೇಳಿದೆವು. ಮರುದಿನ ಬಂದು, ಕಾಲೇಜ್ ಫಸ್ಟ್ ಎಂದು ಖಚಿತವಾಗಿ ಹೇಳಿದರು" ಎಂದರು. ಅದರ ಝೆರಾಕ್ಸ್ ಕೊಡಿ ಎಂದು ಇಸಿದುಕೊಂಡು ಬಂದೆ.

ಅಪ್ಪ ಬ್ರೆಡ್ ಫ್ಯಾಕ್ಟರಿಯಿಂದ ಬಂದು ಟೊಪ್ಪಿಗೆ ಕೂಡ ತೆಗೆದಿರಲಿಲ್ಲ. ಮುಂದೆ ಹಿಡಿದೆ.

"ಈ ಸಹಿ ಯಾರದು?"

ನೋಡಿದ. ಜೇಬಿನಿಂದ ಫೋನು ತೆಗೆದ, ಮತ್ತೆ ಒಳಗಿಟ್ಟ. "ನಂದು" ಅಂದ.

"ಟಿಕ್ ಹಾಕಿದಾಂವ?"

"ನಾನಽ ಹಾಕೀನಿ."

"ಯಾಕ?"

"ತಪ್ಪಾತು ಶಿವಾನೀ."

ಇಷ್ಟೇ ಅತ್ತೀ! ಇದರ ಮೇಲೆ ಒಂದು ಮಾತು ಇಲ್ಲ. ಅವ್ವ ಅಡಿಗೆಮನೆಯಲ್ಲಿ ಅಳುತ್ತಿದ್ದಳು. ನಾನು ಬಾಯಿಗೆ ಬಂದದ್ದು ಅಂದೆ. "ಊರ ಮಂದಿ ಅರ್ಜಿ ಎಲ್ಲಾ ತುಂಬಿ, ಹೆತ್ತ ಮಗಳ ಅರ್ಜಿ ಕೆಡಿಸಿದಿ" ಅಂದೆ. ಹೂಂ ಅಂದ. ಬಯ್ದವರಿಗೆ ಹೂಂ ಅನ್ನುವವನನ್ನು ಏನು ಮಾಡುವುದು?

ಇನ್ನು ಅವನ ಜೊತೆ ನಾನು ಮಾತಾಡುವುದಿಲ್ಲ.

ಶಿವಾನಿ


ಮಾಳಮಡ್ಡಿ, ಧಾರವಾಡ
9 ಅಕ್ಟೋಬರ್ 2024

ಶಿವಾನೀ,

ನಿನ್ನ ಪತ್ರ ಓದಿ ನಾನು ಟ್ಯೂಶನ್ ಬಿಟ್ಟು ಎದ್ದು ಹೋದೆ. ಮೂವತ್ತಾರು ವರ್ಷದಲ್ಲಿ ಪಾಠದ ನಡುವೆ ಎದ್ದವಳಲ್ಲ. ಮಕ್ಕಳು ಹೆದರಿ ಪುಸ್ತಕ ಮುಚ್ಚಿದರು.

ಆ ಮಂಕುದಿಣ್ಣೆಗೆ ಫೋನು ಮಾಡಿದೆ. ಹತ್ತು ಸಾವಿರ ಅರ್ಜಿ ತುಂಬಿದವನು, ಜಾತಿ ಪ್ರಮಾಣಪತ್ರದಲ್ಲಿ ಒಂದು ಚುಕ್ಕೆ ತಪ್ಪಿದರೆ ತಹಶೀಲ್ದಾರರ ಆಫೀಸಿನವರೆಗೆ ಓಡುತ್ತಿದ್ದವನು, ಒಂದು ಟಿಕ್ಕು ಹಾಕುವ ಮುಂದೆ ನಾಲ್ಕು ಮಂದಿಗೆ ಕೇಳಬಾರದೇ? ತನಗೆ ತಿಳಿಯದಿದ್ದರೆ ತಿಳಿದವರನ್ನು ಕೇಳಬೇಕು. ಅಷ್ಟೂ ಬುದ್ಧಿ ಬೇಡವೇ? "ಹೌದಕ್ಕಾ, ಹೌದಕ್ಕಾ" ಅಂದ. ಅದೊಂದು ಬರುತ್ತದೆ ಅವನಿಗೆ. ಕಡೆಗೆ, "ನೀ ಔಷಧ ತೊಗೊಂಡೀ ಇಲ್ಲ?" ಎಂದು ನನ್ನ ಬಿ.ಪಿ. ಕೇಳುತ್ತಾನೆ!

ನೀನು ಕಣ್ಣೀರು ಒರೆಸಿಕೋ. ಬಿಟ್ಟುಹೋದ ಗಣಿತವನ್ನು ಈಗಲೇ ಶುರು ಮಾಡು. ಆನ್‌ಲೈನಿನಲ್ಲಿ ಓದಲು ಬಿಡುತ್ತಾರೇನು ಕೇಳು. ಪುಸ್ತಕದ ಫೋಟೋ ಕಳಿಸು, ನಿನಗೆ ಬೇಕಾದದ್ದನ್ನೆಲ್ಲ ನಾನು ಇಲ್ಲಿಂದ ಹೇಳಿಕೊಡುತ್ತೇನೆ. ಅರ್ಜಿಯನ್ನಂತೂ ಈ ವರ್ಷವೇ ಹಾಕು. ಏನಾಯಿತು ಎಂದು ಅವರಿಗೆ ಬಿಚ್ಚಿ ಬರೆ. ತಪ್ಪು ನಿನ್ನದಲ್ಲ ಎಂದು ತಿಳಿದರೆ ಅವರೂ ಮನುಷ್ಯರೇ.

ಅವನ ಜೊತೆ ಮಾತಾಡುವುದಿಲ್ಲ ಅಂದಿದ್ದೀ. ನಾನು ನಿನಗೆ ಬುದ್ಧಿ ಹೇಳಬೇಕು. ಹೇಳುವುದಿಲ್ಲ. ಅವನಿಗೂ ಸ್ವಲ್ಪ ಬಿಸಿ ಮುಟ್ಟಲಿ.

ನಿನ್ನ ಅತ್ತಿ
ಗಿರಿಜಾ


ಸ್ಟ್ರೀಟ್ಸ್‌ವಿಲ್
5 ಜನವರಿ 2025

ಪ್ರೀತಿಯ ಅತ್ತೀ,

ನೀವು ಹೇಳಿಕೊಟ್ಟ ಫಂಕ್ಷನ್ಸ್ ಪಾಠಕ್ಕೆ ತೊಂಬತ್ತೆರಡು ಬಂತು. ಆನ್‌ಲೈನ್ ಕ್ಲಾಸಿನ ಮಾಸ್ತರಿಗೆ, ಈ ಲೆಕ್ಕವನ್ನು ಹೀಗೂ ಮಾಡಬಹುದು ಎಂದು ನಿಮ್ಮ ರೀತಿ ತೋರಿಸಿದೆ, ಯಾರು ಕಲಿಸಿದರು ಎಂದು ಕೇಳಿದರು. ಹನ್ನೊಂದನೇದರ ಗಣಿತ ಒಂದು ಮುಗಿಯಿತು. ಇನ್ನು ಹನ್ನೆರಡನೇದರ ಎರಡು ಗಣಿತ, ಎರಡು ವರ್ಷದ ಇಂಗ್ಲಿಷು ಬಾಕಿ. ಜೂನಿನೊಳಗೆ ಎಲ್ಲವೂ ಆಗುವುದಿಲ್ಲ. ಮೇಡಂ ಸ್ಪಷ್ಟವಾಗಿ ಹೇಳಿದ್ದಾರೆ: ಇನ್ನೊಂದು ವರ್ಷ ಶಾಲೆಯಲ್ಲೇ ಇದ್ದು ಎಲ್ಲ ಮುಗಿಸಿ ಅರ್ಜಿ ಹಾಕುವುದು ಒಳ್ಳೆಯದು, ಈಗ ಹಾಕಿದರೆ ಸಿಗುವುದು ಬಹಳ ಕಷ್ಟ. ಆದರೂ ನೀವು ಅಂದ ಹಾಗೆ ಹಾಕುತ್ತೇನೆ. ನನಗೆ ಇನ್ನೊಂದು ವರ್ಷ ಆ ಕಾರಿಡಾರಿನಲ್ಲಿ ಓಡಾಡಲು ಆಗುವುದಿಲ್ಲ.

ಅಪ್ಪನ ಜೊತೆ ಮೂರು ತಿಂಗಳಿಂದ ಮಾತಿಲ್ಲ. ಊಟಕ್ಕೆ ಬಾ ಅಂತ ಅವ್ವನ ಕೈಲಿ ಹೇಳಿಸುತ್ತಾನೆ. ಕ್ರಿಸ್‌ಮಸ್ ರಜೆಯಲ್ಲಿ ಅವ್ವ ನನ್ನನ್ನು ಪೋರ್ಟ್ ಕ್ರೆಡಿಟ್ಟಿನ ಸರೋವರದ ದಂಡೆಗೆ ಕರೆದುಕೊಂಡು ಹೋದಳು, ಅಡ್ಡಾಡೋಣ ಬಾ ಎಂದು. ಆ ಚಳಿಯಲ್ಲಿ ಯಾರು ಅಡ್ಡಾಡುತ್ತಾರೆ? ಮಾತು ತೆಗೆಯಲಿಕ್ಕೆ ಅಂತ ಆಗಲೇ ತಿಳಿಯಿತು. "ನಿಮ್ಮಪ್ಪ ಹೊಳ್ಳಿ ಜಗಳಾ ಮಾಡಿದ್ದರ ನನಗ ಚಿಂತಿ ಇರತಿರಲಿಲ್ಲ. ಬಾಯಿ ಮುಚ್ಚಿಕೊಂಡು ಕುಂತಾನ. ಏನೋ ಐತಿ ಅದರಾಗ, ನನಗೂ ಹೇಳವಲ್ಲ" ಅಂದಳು. ಏನಿರುತ್ತದೆ? ನಾಚಿಕೆ ಇರುತ್ತದೆ.

ಎರಡು ಕೆಲಸ ಆಗಬೇಕು ನಿಮ್ಮಿಂದ. ಒಂದು, ನನ್ನ ಒಂಬತ್ತನೇ ಇಯತ್ತೆಯ ಮಾರ್ಕ್ಸ್ ಕಾರ್ಡಿನ ಫೋಟೋ. ಇಲ್ಲಿಗೆ ಬರುವ ಮುಂದೆ, ಆ ಆಗಸ್ಟಿನಲ್ಲಿ ಅಪ್ಪ ನಿಮಗೆ ಎಲ್ಲ ಕಾಗದದ ಫೋಟೋ ಕಳಿಸಿದ್ದನಂತೆ, ನಿಮ್ಮ ಫೋನಿನಲ್ಲಿ ಇರಬೇಕು. ಅವನ ಹಳೆಯ ಫೋನು ಇಲ್ಲಿಗೆ ಬಂದ ತಿಂಗಳಲ್ಲೇ ಕೆಟ್ಟಿತು.

ಎರಡು, ಅರ್ಜಿಯಲ್ಲಿ ಒಂದು ಜಾಗವಿದೆ, ಓದಿಗೆ ಅಡ್ಡಿಯಾದ ಕಾರಣವಿದ್ದರೆ ಬರೆಯಿರಿ ಎಂದು. ಅದನ್ನು ಬರೆದಿದ್ದೇನೆ. ಕೊನೆಯ ಸಾಲಿನ ಅರ್ಥ ಹೀಗಿದೆ: "ನನ್ನ ವಿಷಯಗಳನ್ನು ಆರಿಸಿದವನು ನನ್ನ ತಂದೆ. ಅವನ ತಿಳಿವಳಿಕೆ ಸಾಲದೆ ಹೋದದ್ದರಿಂದ ನನಗೆ ಹೀಗಾಯಿತು." ಸರಿಯಿದೆಯೇ? ಹದಿನಾಲ್ಕಕ್ಕೆ ಕಳಿಸಬೇಕು.

ನಿಮ್ಮ
ಶಿವಾನಿ


ಧಾರವಾಡ
8 ಜನವರಿ 2025

ಶಿವಾನೀ,

ಟ್ಯೂಶನ್ನಿಗೆ ಮಕ್ಕಳು ಬಂದಿದ್ದಾರೆ, ಎರಡೇ ಮಾತು. "ತಿಳಿವಳಿಕೆ ಸಾಲದೆ" ಎಂದು ಹತ್ತಿಯಲ್ಲಿ ಸುತ್ತಿ ಯಾಕೆ ಕೊಡುತ್ತೀ? ಓದುವವರಿಗೆ ತಟ್ಟಬೇಕು. "ನನ್ನ ತಂದೆಯ ಅಜ್ಞಾನ" ಎಂದೇ ಹಾಕು. ಇಂಗ್ಲಿಷಿನಲ್ಲಿ ಇಗ್ನರೆನ್ಸ್. ಇದ್ದದ್ದು ಇದ್ದ ಹಾಗೆ ಹೇಳಿದರೆ ತಪ್ಪೇನು?

ಮಾರ್ಕ್ಸ್ ಕಾರ್ಡು ಹುಡುಕಿ ನಾಳೆ ಕಳಿಸುತ್ತೇನೆ.

ಗಿರಿಜಾ


ಸ್ಟ್ರೀಟ್ಸ್‌ವಿಲ್
16 ಫೆಬ್ರುವರಿ 2025

ಅತ್ತೀ,

ನಿಮಗೆ ಆರಾಮ ಇಲ್ಲವೇ? ನಾಳೆ ಕಳಿಸುತ್ತೇನೆ ಎಂದವರು ಐದು ವಾರವಾದರೂ ಕಳಿಸಲಿಲ್ಲ. ಫೋನು ಎತ್ತುವುದಿಲ್ಲ. ಮೆಸೇಜು ನೋಡಿದ ಗುರುತು ಬರುತ್ತದೆ, ಉತ್ತರ ಬರುವುದಿಲ್ಲ. ಸುಮಿತ್ರಮ್ಮನಿಗೆ ಫೋನು ಹಚ್ಚಿ ಕೇಳಿದೆವು. ಅಕ್ಕೋರು ಆರಾಮ ಇದ್ದಾರೆ, ಟ್ಯೂಶನ್ ಮಾತ್ರ ಬಿಟ್ಟಿದ್ದಾರೆ ಎಂದರು. ನೀವು ಟ್ಯೂಶನ್ ಬಿಡುವುದೆಂದರೇನು?

ಮಾರ್ಕ್ಸ್ ಕಾರ್ಡನ್ನು ಅವ್ವ ಧಾರವಾಡದ ಶಾಲೆಯಿಂದಲೇ ತರಿಸಿದಳು. ಅರ್ಜಿ ಹೋಯಿತು. ನೀವು ಹೇಳಿದ ಶಬ್ದವನ್ನೇ ಹಾಕಿದೆ.

ಅಪ್ಪ ದಿನಾ ಅವ್ವನನ್ನು ಕೇಳುತ್ತಾನೆ, ಅಕ್ಕನ ಪತ್ರ ಬಂತೇನು ಅಂತ. ನನಗೆ ಕೇಳಿಸುವ ಹಾಗೆ ಕೇಳುತ್ತಾನೆ. ದಯವಿಟ್ಟು ಒಂದು ಸಾಲು ಬರೆಯಿರಿ.

ಶಿವಾನಿ


ಮಾಳಮಡ್ಡಿ, ಧಾರವಾಡ
2 ಮಾರ್ಚ್ 2025

ಶಿವಾನೀ,

ಈ ಪತ್ರವನ್ನು ಏಳು ಸಲ ಬರೆದು ಹರಿದಿದ್ದೇನೆ. ಇದನ್ನು ಹರಿಯುವುದಿಲ್ಲ.

ಜನವರಿ ಎಂಟಕ್ಕೆ ನಿನಗೆ ಆ ಚೀಟಿ ಬರೆದು, ಮರುದಿನ ಬೆಳಿಗ್ಗೆ ಚಹಾ ಕುಡಿಯುತ್ತ ಮಾರ್ಕ್ಸ್ ಕಾರ್ಡು ಹುಡುಕಲು ಫೋನು ತೆಗೆದೆ. ನಿನ್ನ ಅಪ್ಪನ ಹಳೆಯ ಮೆಸೇಜುಗಳನ್ನು ಮೇಲಕ್ಕೆ ಸರಿಸುತ್ತ ಒಂದೂವರೆ ವರ್ಷದ ಹಿಂದಕ್ಕೆ ಹೋದೆ. ಮಾರ್ಕ್ಸ್ ಕಾರ್ಡು ಸಿಕ್ಕಿತು. ಅದರ ಕೆಳಗೆ, ನೀವು ಅಲ್ಲಿಗೆ ಹೋಗಿ ಎರಡು ವಾರದ ಮೇಲಿನದು, ಒಂದು ಫಾರ್ಮಿನ ಫೋಟೋ ಇತ್ತು. ನಾಲ್ಕು ಕಾಲಮ್ಮು, ಎಲ್ಲ ಖಾಲಿ. ಕೆಳಗೆ ಅವನು ಬರೆದಿದ್ದ: "ಅಕ್ಕಾ, ಶಿವಾನಿ ಫಾರ್ಮು. ಒಂದರಾಗ ಯೂನಿವರ್ಸಿಟಿ ಅಂತೈತಿ, ಒಂದರಾಗ ಕಾಲೇಜು ಅಂತೈತಿ. ಯಾವುದಕ್ಕ ಹಾಕಲಿ? ನನಗ ತಿಳೀವಲ್ದು."

ಅದರ ಕೆಳಗೆ ನನ್ನ ದನಿ ಇತ್ತು. ಒತ್ತಿದೆ. ಕೇಳಿದೆ.

"ಏ ತಮ್ಮಾ, ಇದರಾಗ ಕೇಳೂದೇನೈತಿ? ಮೊದಲ ಕಾಲೇಜು, ಆಮ್ಯಾಲ ಯೂನಿವರ್ಸಿಟಿ. ಕಾಲೇಜು ಮುಗಸಲಾರದ ಯೂನಿವರ್ಸಿಟಿ ಗುಡ್ಡಾ ಹತ್ತಿದವರನ್ನ ಎಲ್ಲೆರೆ ಕಂಡೀಯೇನು? ಕಾಲೇಜಿಗೆ ಹಾಕು."

ಅವನು ಮತ್ತೆ ಬರೆದಿದ್ದ: "ಇಲ್ಲಿ ಶಾಲಿಯವರು ಇನ್ನೊಮ್ಮೆ ವಿಚಾರ ಮಾಡ್ರಿ ಅನ್ನಾಕತ್ತಾರ ಅಕ್ಕಾ."

ಮತ್ತೆ ನನ್ನ ದನಿ. "ನಿನಗ ನನಗಿಂತ ಹೆಚ್ಚು ತಿಳಿದೈತೇನು? ಹೇಳಿದಷ್ಟು ಮಾಡು."

"ಆತಕ್ಕಾ" ಎಂದಿದ್ದ.

ಶಿವಾನೀ, ನನಗೆ ಇದು ನೆನಪೇ ಇರಲಿಲ್ಲ. ಈಶ್ವರನ ಆಣೆಯಾಗಿ ಇರಲಿಲ್ಲ. ದಿನಕ್ಕೆ ಹತ್ತು ಮಂದಿ ಏನೋ ಕೇಳುತ್ತಾರೆ, ನಾನು ಏನೋ ಹೇಳುತ್ತೇನೆ. ನಾನು ಬಿ.ಎಸ್ಸಿ.ಯನ್ನು ಕಾಲೇಜಿನಲ್ಲಿ ಓದಿದೆ, ಎಂ.ಎಸ್ಸಿ.ಗೆ ಗುಡ್ಡ ಹತ್ತಿ ಮೇಲಿನ ಯೂನಿವರ್ಸಿಟಿಗೆ ಹೋದೆ. ಧಾರವಾಡದಲ್ಲಿ ಹುಟ್ಟಿದವರೆಲ್ಲ ಹೀಗೆಯೇ. ಆ ಎರಡು ಶಬ್ದಕ್ಕೆ ಬೇರೆ ಅರ್ಥವೂ ಇರಬಹುದು ಎಂದು ನನ್ನ ತಲೆಗೆ ಹೊಳೆಯಲೇ ಇಲ್ಲ. ನಿನ್ನ ಅಪ್ಪನಿಗೆ ಹೊಳೆದಿತ್ತು. ಅದಕ್ಕೇ ಎರಡು ಸಲ ಕೇಳಿದ. ನಾನು ಬಾಯಿ ಮುಚ್ಚಿಸಿದೆ.

ತಿಳಿದವರನ್ನು ಕೇಳಬೇಕಿತ್ತು ಎಂದು ಅಕ್ಟೋಬರಿನಲ್ಲಿ ಅವನಿಗೆ ಬಯ್ದೆನಲ್ಲ. "ಹೌದಕ್ಕಾ" ಅಂದ. ನಿನ್ನನ್ನೇ ಕೇಳಿದ್ದೆನಲ್ಲ ಅಕ್ಕಾ ಎಂದು ಅನ್ನಲಿಲ್ಲ. ನನ್ನ ಔಷಧದ ಬಗ್ಗೆ ಕೇಳಿದ. 

ಡಿಸೆಂಬರಿನಲ್ಲಿ ಹುಬ್ಬಳ್ಳಿಯ ಮದುವೆಯೊಂದರಲ್ಲಿ, ಅರ್ಜಿ ಅಮರೇಶ ಮಗಳ ಅರ್ಜಿ ಕೆಡಿಸಿದ ಎಂದು ನಾನೇ ಬಳಗಕ್ಕೆ, ಓಣಿಯವರಿಗೆಲ್ಲ ಹೇಳಿ ನಗಿಸಿದ್ದೆ. ಹೋದ ವಾರ ಸುಮಿತ್ರಮ್ಮನ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಅದೇ ಮಂದಿ ಕೂಡಿತ್ತು. ಎಲ್ಲರೆದುರು ನಿಂತು, ತಪ್ಪು ಅವನದಲ್ಲ, ನನ್ನದು ಎಂದೆ. ಏನಂದರು ಗೊತ್ತೇ? "ನೋಡ್ರಿ, ಅಕ್ಕೋರಿಗೆ ತಮ್ಮನ ಮ್ಯಾಲ ಎಷ್ಟು ಜೀವ, ಅವನ ತಪ್ಪು ತಮ್ಮ ಮ್ಯಾಲ ಹೊತ್ಕೊಳ್ಳಾಕತ್ತಾರ" ಎಂದರು. ನನ್ನ ಮಾತನ್ನು ಒಬ್ಬರೂ ನಂಬಲಿಲ್ಲ. ಗಿರಿಜಾ ಅಕ್ಕೋರು ತಪ್ಪುವುದುಂಟೇ?

ಆ ಅಜ್ಞಾನ ಅನ್ನುವ ಶಬ್ದವನ್ನು ತೆಗೆಸಲು ಆಗುತ್ತದೆಯೇ ನೋಡು. ಬರೆಯಬೇಕಾದರೆ ನನ್ನ ಹೆಸರು ಬರೆ.

ಕ್ಷಮಿಸು ಎಂದು ಕೇಳಲು ನನಗೆ ಮುಖವಿಲ್ಲ.

ಗಿರಿಜಾ


ಸ್ಟ್ರೀಟ್ಸ್‌ವಿಲ್
20 ಮೇ 2025

ಅತ್ತೀ,

ಎರಡೂವರೆ ತಿಂಗಳು ಬರೆಯಲಿಲ್ಲ. ಬೇಕಂತಲೇ ಬರೆಯಲಿಲ್ಲ. ನಿಮ್ಮ ಮೇಲೆ ನನಗೆ ಬಹಳ ಸಿಟ್ಟಿತ್ತು, ಈಗಲೂ ಇದೆ. ಆದರೆ ಅದನ್ನು ನಿಮ್ಮ ಮೇಲೆ ಪೂರಾ ಸುರಿಯಲೂ ಆಗದ ಹಾಗೆ ಒಂದು ಸಂಗತಿ ನಡೆಯಿತು.

ನಿಮ್ಮ ಪತ್ರ ಬಂದ ದಿನವೇ ಯೂನಿವರ್ಸಿಟಿಗೆ ಈಮೇಲು ಬರೆದೆ, ತಂದೆಯ ಬಗ್ಗೆ ಬರೆದದ್ದು ಸುಳ್ಳು, ಅದನ್ನು ತೆಗೆಯಿರಿ ಎಂದು. ಒಮ್ಮೆ ಕಳಿಸಿದ ಫಾರ್ಮನ್ನು ಬದಲಿಸಲು ಬರುವುದಿಲ್ಲ ಎಂದು ಎರಡು ಸಾಲಿನ ಉತ್ತರ ಬಂತು. ಏನು ಬರೆದಿದ್ದೆ ಎಂದು ನೋಡಲು ಕಂಪ್ಯೂಟರಿನಲ್ಲಿ ನನ್ನ ಕರಡು ತೆಗೆದೆ. ಪಾಲಕರ ವಿವರ ತುಂಬಲಿ ಎಂದು ಜನವರಿಯಲ್ಲಿ ಆ ಫೈಲನ್ನು ಅವ್ವ ಅಪ್ಪನಿಗೂ ಕಳಿಸಿದ್ದಳು. ಯಾರು ಯಾವಾಗ ಏನು ತಿದ್ದಿದರು ಎಂದು ಅದರಲ್ಲಿ ಕಾಣುತ್ತದೆ. ಸುಮ್ಮನೆ ಒತ್ತಿದೆ. ಜನವರಿ ಹನ್ನೆರಡು, ಅಮರೇಶ, ಒಂದು ತಿದ್ದುಪಡಿ.

ಇಗ್ನರೆನ್ಸ್ ಅನ್ನುವ ಶಬ್ದದಲ್ಲಿ "ಎ" ಇರಬೇಕಾದಲ್ಲಿ ನಾನು "ಇ" ಬರೆದಿದ್ದೆ. ಅಪ್ಪ ಆ ಒಂದು ಅಕ್ಷರವನ್ನು ಸರಿ ಮಾಡಿದ್ದ.

ಅತ್ತೀ, ಅವನು ಅದನ್ನು ಓದಿದ್ದ. ನನ್ನ ತಂದೆಯ ಅಜ್ಞಾನ ಎಂದು ಮಗಳು ಬರೆದದ್ದನ್ನು ಕೂತು ಓದಿ, ಕಾಗುಣಿತ ತಿದ್ದಿ, ಸುಮ್ಮನೆ ಮುಚ್ಚಿಟ್ಟಿದ್ದ.  ಅವತ್ತು ಊಟಕ್ಕೂ ಏಳಲಿಲ್ಲ.

ಸಂಜೆ ಅವನು ಫ್ಯಾಕ್ಟರಿಯಿಂದ ಬಂದಾಗ ಬಾಗಿಲಲ್ಲೇ ನಿಲ್ಲಿಸಿ ಕೇಳಿದೆ. ಐದು ತಿಂಗಳಿಗೆ ಮೊದಲ ಮಾತು.

"ಅತ್ತಿ ಹೇಳಿದ್ದು ಅಂತ ಯಾಕ ಹೇಳಲಿಲ್ಲ ಅಪ್ಪಾ?"

ಅವನಿಗೆ ಒಮ್ಮೆಲೇ ತಿಳಿಯಿತು. ಬೂಟು ಬಿಚ್ಚುತ್ತ ಬಗ್ಗಿದವನು ಹಾಗೇ ನಿಂತ. "ಅಕ್ಕನಽ ಬರದಳೇನು?" ಅಂದ. ಹೌದು ಎಂದೆ.

"ಸಹಿ ನಂದಲ್ಲೇನವಾ. ಅಂಗಡಿಗೆ ಬಂದವರಿಗೆಲ್ಲ ನಾನಽ ಹೇಳತಿದ್ನಿ, ಬರದವರು ಯಾರರೆ ಇರಲಿ, ಸಹಿ ಮಾಡಿದವರು ಜವಾಬ್ದಾರರು ಅಂತ."

"ಅದಲ್ಲ. ಖರೇ ಹೇಳು."

ಬಿಚ್ಚಿದ ಬೂಟನ್ನು ಗೋಡೆಗೆ ಒರಗಿಸಿಟ್ಟು ಹೇಳಿದ. "ನಿನಗ ಗಣಿತಾ ಕಲಿಸಿದಾಕಿ ಆಕಿ. ಅಷ್ಟು ದೂರದಿಂದ ಮತ್ತ ಆಕಿನಽ ಕಲಸಾಕತ್ತಿದ್ಳು. ಆಕಿ ಮ್ಯಾಲಿನ ವಿಶ್ವಾಸ ಹೋದರ ನೀ ಪುಸ್ತಕಾನಽ ಮುಚ್ಚಿಡತಿದ್ದಿ. ನನ್ನ ಮ್ಯಾಲ ಸಿಟ್ಟಾದರ ಏನು ನಷ್ಟ? ನಾ ಏನು ಗಣಿತಾ ಕಲಸ್ತೀನೇನು?"

ನಾನು ಅತ್ತೆ. ಅವನೂ ಅತ್ತ. ಅವ್ವ ಬಂದು ನಮ್ಮಿಬ್ಬರನ್ನೂ ನೋಡಿ ಯಾರು ಸತ್ತರು ಎಂದು ಗಾಬರಿಯಾದಳು.

ಯೂನಿವರ್ಸಿಟಿಯ ಉತ್ತರ ಹೋದ ಗುರುವಾರ ಬಂತು. ಇಲ್ಲ ಎಂದಿದ್ದಾರೆ. ಬೇಕಾದ ವಿಷಯಗಳು ಮುಗಿದಿಲ್ಲ ಎಂದು. ಎಪಿಯ ಸುದ್ದಿಯೇ ಇರಲಿಲ್ಲ ಅದರಲ್ಲಿ. ಸೆಪ್ಟೆಂಬರಿನಲ್ಲಿ ಮತ್ತೆ ಅದೇ ಶಾಲೆಗೆ ಹೋಗುತ್ತೇನೆ. ಈಗ ಆ ಕಾರಿಡಾರಿನ ಹೆದರಿಕೆ ಇಲ್ಲ.

ಕ್ಷಮೆಯ ಮಾತು ಎತ್ತಿದ್ದೀರಿ. ನಿಮಗೆ ನೆನಪಿರಲಿಲ್ಲ, ನೀವು ಗೊತ್ತಿಲ್ಲದೆ ಮಾಡಿದಿರಿ. ನಾನು ಬೇಕಂತಲೇ ಐದು ತಿಂಗಳು ಅವನೆದುರು ತಟ್ಟೆ ಹಾಕಿಕೊಂಡು ಕೂತು ಅವನ ಮುಖ ನೋಡಲಿಲ್ಲ. ನನ್ನದೇ ಇನ್ನೂ ಮುಗಿದಿಲ್ಲ, ನಿಮ್ಮದನ್ನು ಹೇಗೆ ಮುಗಿಸಲಿ? ಸ್ವಲ್ಪ ದಿನ ಕೊಡಿ. ಟ್ಯೂಶನ್ ಮಾತ್ರ ಶುರು ಮಾಡಿ ಅತ್ತೀ. ಆ ಮಕ್ಕಳು ಏನು ತಪ್ಪು ಮಾಡಿದ್ದಾರೆ?

ಕೆಳಗೆ ಎರಡು ಸಾಲು ಜಾಗ ಬಿಡು ಎಂದು ಅಪ್ಪ ಹೇಳಿದ್ದಾನೆ. ಬಿಟ್ಟಿದ್ದೇನೆ.

ಶಿವಾನಿ

ಅಕ್ಕಾ, ನಮಸ್ಕಾರ. ಔಷಧ ತಪ್ಪಿಸಬ್ಯಾಡ. ಮುಂದಿನ ವರ್ಷದ ಫಾರ್ಮು ನಿನ್ನೆ ಶಿವಾನಿ ನಾನು ಇಬ್ಬರೂ ಕೂತು ತುಂಬಿದ್ವಿ. ನಿನಗ ಕೇಳಲಿಲ್ಲ. ಸಿಟ್ಟಾಗಬ್ಯಾಡ.
ನಿನ್ನ ತಮ್ಮ, ಅಮರೇಶ